ಅಂಚು ಕತ್ತರಿಸಿದ ಬೈಬಲ್

ಬೆಳಗಿನ ಐದು ಗಂಟೆ. ಬೀದಿ ದೀಪಗಳು ಇನ್ನೂ ಆರಿಲ್ಲ. ಓಣಿಯ ಕೊನೆಯ ಬಾಗಿಲು ಮಾತ್ರ ಅರ್ಧ ತೆರೆದಿದೆ. ಒಳಗೆ ಅರವತ್ತನಾಲ್ಕು ವರ್ಷದ ಮನುಷ್ಯರೊಬ್ಬರು ಸಣ್ಣ ಉರಿಯ ಮೇಲೆ ಪಾತ್ರೆಯಿಟ್ಟು ಮೈದಾ ಹಿಟ್ಟಿನ ಅಂಟು ಕಾಯಿಸುತ್ತಿದ್ದಾರೆ. ಕೈ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಗಂಟು ಕಟ್ಟುತ್ತದೆ. ಹುಳ ಬೀಳದಿರಲೆಂದು ಕೊನೆಯಲ್ಲಿ ಚಿಟಿಕೆ ಮೈಲುತುತ್ತ ಉದುರಿಸುತ್ತಾರೆ. "ನೋಡೋಕೆ ಗಂಜಿ ಥರಾನೇ ಇರುತ್ತೆ ಮೇಡಂ, ಬಾಯಿಗೆ ಹಾಕ್ಕೊಂಡೀರಿ ಮತ್ತೆ," ಎಂದು ನನಗೆ ಎಚ್ಚರಿಕೆ ಕೊಡುತ್ತಾರೆ. ಇಷ್ಟು ಹೊತ್ತಿಗೇ ಎದ್ದು ಬಂದವಳಿಗೆ ಹಸಿವಾಗಿರಬೇಕು ಎಂಬ ಅನುಮಾನ ಅವರಿಗೆ. ಆಗಿತ್ತು ಕೂಡ.

ಓಣಿಯ ಮಕ್ಕಳು ಅವರನ್ನು ಅಂಟಜ್ಜ ಎನ್ನುತ್ತಾರೆ. ಮಕ್ಕಳ ಅಪ್ಪ ಅಮ್ಮಂದಿರೂ ಹಾಗೇ ಕರೆಯುವುದರಿಂದ ನಾನೂ ಹಾಗೇ ಬರೆಯುತ್ತೇನೆ. ಅವರ ಕೆಲಸ ಹರಿದುಹೋದ ಬೈಬಲ್‌ಗಳಿಗೆ ಮತ್ತೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು. ನಡುನಡುವೆ ಶಾಲೆಯ ಹಾಜರಿ ಪುಸ್ತಕವೋ ಯಾರದೋ ನಿಘಂಟೋ ಬರುವುದುಂಟು. ಆದರೆ ಸುತ್ತಮುತ್ತಲ ಏಳೆಂಟು ಕ್ರೈಸ್ತ ಸಭೆಗಳ ವಿಶ್ವಾಸಿಗಳು ತಮ್ಮ ಅಜ್ಜ ಅಜ್ಜಿಯರ ಬೈಬಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುವುದು ಈ ಬಾಗಿಲಿಗೇ.

"ಮನಸ್ಸು ಹಗುರಾಗುವಂಥದ್ದು ಬರೆದು ಕೊಡಿ, ಭಾನುವಾರದ ಪುಟಕ್ಕೆ," ಎಂದು ನಮ್ಮ ಸಂಪಾದಕರು ಹೇಳಿ ಕಳಿಸಿದ್ದರು. ಇದು ನಾನು ಇಲ್ಲಿಗೆ ಬರುತ್ತಿರುವ ಮೂರನೆಯ ಬೆಳಗು. ಹಗುರಾಗುವಂಥದ್ದು ನನಗೇನೂ ಸಿಕ್ಕಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಅಂಟು ಆರುವಷ್ಟರಲ್ಲಿ ಅಂಟಜ್ಜ ಒಳಕೋಣೆಗೆ ಹೋಗುತ್ತಾರೆ. ಅಂಗಡಿಗೂ ಒಳಕೋಣೆಗೂ ನಡುವೆ ಒಂದು ಪರದೆ, ಅಷ್ಟೇ. ಆಚೆ ಮಂಚದ ಮೇಲೆ ಅವರ ಹೆಂಡತಿ ಮಲಗಿದ್ದಾರೆ. ಇಪ್ಪತ್ತಾರು ವರ್ಷ ಸಭೆಯ ಮಕ್ಕಳಿಗೆ ಭಾನುವಾರದ ಪಾಠ ಹೇಳಿಕೊಟ್ಟಿದ್ದರಿಂದ ಎಲ್ಲರಿಗೂ ಅವರು ಟೀಚರಮ್ಮ. ಮೂರು ವರ್ಷದ ಹಿಂದೆ ನರಗಳ ಕಾಯಿಲೆ ಹತ್ತಿಕೊಂಡಿತು. ಮೊದಲು ಎಡಗಾಲು, ಆಮೇಲೆ ಬಲಗಾಲು, ಈಗ ಎರಡೂ ಕೈ. ಮಾತು ನಿಧಾನವಾಗಿದೆ, ಎರಡು ಮೂರು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕು. ಬುದ್ಧಿ ಮಾತ್ರ ಚಾಕುವಿನ ಹಾಗಿದೆ. ಈ ವರ್ಷ ದಾಟುವುದು ಕಷ್ಟ ಎಂದು ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದ್ದಾರೆ.

ಅಂಟಜ್ಜ ಹೆಂಡತಿಯ ಬೆನ್ನಿನ ಕೆಳಗೆ ಕೈ ತೂರಿಸಿ ಎಡಕ್ಕೆ ಹೊರಳಿಸುತ್ತಾರೆ, ಮೊಣಕಾಲುಗಳ ನಡುವೆ ದಿಂಬು ಇಡುತ್ತಾರೆ. ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಗಲಿರುಳು ಸೇರಿ ಹನ್ನೆರಡು ಸಲ. ಟೀಚರಮ್ಮನ ತಂಗಿ ಒಂಬತ್ತು ಗಂಟೆಗೆ ಬಂದು ಮೈ ತೊಳೆಸಿ ಬಟ್ಟೆ ಬದಲಾಯಿಸುತ್ತಾರೆ. ಉಳಿದದ್ದೆಲ್ಲ ಇವರದೇ. ಮಕ್ಕಳಿಲ್ಲ.

"ನನಗೆ ಬೆನ್ನು ಕಟ್ಟೋ ಕೆಲಸ ಗೊತ್ತು ಮೇಡಂ. ಪುಸ್ತಕದ್ದು," ಎನ್ನುತ್ತಾರೆ ಅಂಟಜ್ಜ, ಹೊರಗೆ ಬಂದು ಕೈ ತೊಳೆಯುತ್ತ. ನಗಬೇಕೋ ಬೇಡವೋ ಎಂದು ನನಗೆ ತೋಚುವುದಿಲ್ಲ. ಅವರೇ ನಗುತ್ತಾರೆ, ಒಂದೇ ಗಳಿಗೆ.

ಹದಿನೇಳನೆಯ ವಯಸ್ಸಿನಲ್ಲಿ ಪ್ರೆಸ್ಸೊಂದಕ್ಕೆ ಹಾಳೆ ಮಡಚಲು ಸೇರಿದವರು ಅವರು. ಆ ಪ್ರೆಸ್ಸು ಬಾಗಿಲು ಹಾಕಿದಾಗ ಅಲ್ಲಿದ್ದ ಕತ್ತರಿಸುವ ಯಂತ್ರ ಇವರ ಪಾಲಿಗೆ ಬಂತು. ನಾಲ್ಕು ಜನ ಉಸ್ಸಪ್ಪಾ ಎಂದು ಹೊತ್ತು ತಂದಿಟ್ಟ ಆ ಕಬ್ಬಿಣದ ರಾಕ್ಷಸ ಇವತ್ತಿಗೂ ಅದೇ ಮೂಲೆಯಲ್ಲಿದೆ. ಇಂಥ ಕೆಲಸಕ್ಕೆ ಈಗ ಯಾರೂ ಬರುವುದಿಲ್ಲ. ಜನರ ಬೈಬಲ್ ಫೋನಿಗೆ ಹೋಗಿ ಕೂತಿದೆ, ಫೋನಿಗೆ ದಾರ ಹಾಕುವ ಹಾಗಿಲ್ಲ.

ಕೆಲಸದ ಕ್ರಮ ಹೀಗಿದೆ. ಬಂದ ಬೈಬಲ್ಲಿನ ರಟ್ಟು ಬಿಚ್ಚಿ, ಹಳೆಯ ಅಂಟನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ಕೆರೆದು ತೆಗೆಯುತ್ತಾರೆ. ಒಳಗಿನಿಂದ ಬೀಳುವ ಒಣಗಿದ ಎಲೆ, ಬಸ್ ಟಿಕೆಟ್ಟು, ಔಷಧದ ಚೀಟಿ, ಯಾವುದೋ ಮಗುವಿನ ಫೋಟೊ, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ಯಾರದೆಂದು ಬರೆದಿಡುತ್ತಾರೆ. ಹದಿನಾರು ಪುಟಕ್ಕೊಂದರಂತೆ ಎಪ್ಪತ್ತೈದರಷ್ಟು ಮಡಿಕೆಗಳಿರುತ್ತವೆ. ಒಂದೊಂದಕ್ಕೂ ಐದು ತೂತು. ಮೇಣ ಸವರಿದ ದಾರದಲ್ಲಿ ಅಷ್ಟನ್ನೂ ಒಂದಕ್ಕೊಂದು ಬಿಗಿದು, ಬೆನ್ನಿಗೆ ಅಂಟು ಹಚ್ಚಿ, ಇಡೀ ದಿನ ಭಾರದಡಿ ಒತ್ತಿಡುತ್ತಾರೆ. ಆಮೇಲೆ ಯಂತ್ರದಲ್ಲಿಟ್ಟು ಮೂರು ಕಡೆಯ ಅಂಚನ್ನು ಒಂದು ಕೂದಲೆಳೆಯಷ್ಟು ಕತ್ತರಿಸಿ ಸಮ ಮಾಡುತ್ತಾರೆ. ಕೊನೆಗೆ ರಟ್ಟು. ದಿನಕ್ಕೆ ಎರಡು ಪುಸ್ತಕ ಮುಗಿಯುತ್ತಿದ್ದ ಕಾಲವಿತ್ತು, ಈಗ ಎರಡು ದಿನಕ್ಕೆ ಒಂದು.

"ಯಾರೇ ತರಲಿ, ಕತ್ತರಿಸೋಕೆ ಮುಂಚೆ ಅಂಚು ನೋಡ್ತೀನಿ," ಎನ್ನುತ್ತಾರೆ. "ಜನ ಪಕ್ಕದಲ್ಲಿ ಏನೇನೋ ಬರ್ಕೊಂಡಿರ್ತಾರೆ. ತೀರಿಕೊಂಡೋರ ಅಕ್ಷರ ಇರುತ್ತೆ. ಹಂಗೇನಾದ್ರೂ ಇದ್ರೆ ಯಂತ್ರಕ್ಕೆ ಕೊಡಲ್ಲ. ನಲವತ್ತೇಳು ವರ್ಷದಲ್ಲಿ ಯಾರ ಅಕ್ಷರಾನೂ ಕತ್ತರಿಸಿಲ್ಲ."

ದಾರಕ್ಕೆ ಮೇಣ ಸವರುತ್ತ, "ಒಬ್ಬರದ್ದು ಬಿಟ್ಟು," ಎನ್ನುತ್ತಾರೆ.

ಆ ಒಬ್ಬರು ಟೀಚರಮ್ಮ.

ಮದುವೆಯಾದ ವರ್ಷದಿಂದ ಟೀಚರಮ್ಮನಿಗೆ ಒಂದು ಅಭ್ಯಾಸವಿತ್ತು. ಬೈಬಲ್ ವಾಕ್ಯದಲ್ಲಿ ದೇವರ ಒಂದು ವಾಗ್ದಾನ ಕಂಡು, ಅದನ್ನು ಹಿಡಿದು ಏನನ್ನಾದರೂ ಬೇಡಿಕೊಂಡರೆ, ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಆ ದಿನದ ತಾರೀಖು ಬರೆಯುತ್ತಿದ್ದರು. ಬೇಡಿದ್ದು ನೆರವೇರಿದ ದಿನ ಅದರ ಮುಂದೆ ಒಂದು ರೈಟ್ ಗುರುತು ಹಾಕುತ್ತಿದ್ದರು, ಮಕ್ಕಳ ನೋಟ್‌ಬುಕ್ಕಿಗೆ ಹಾಕುವ ಹಾಗೆ. ಅಪ್ಪ ಕುಡಿತ ಬಿಟ್ಟದ್ದಕ್ಕೆ ಒಂದು ರೈಟ್. ತಂಗಿಯ ಕಷ್ಟದ ಹೆರಿಗೆಗೆ ಒಂದು. ಗಂಡ ಕಾಮಾಲೆಯಿಂದ ಎದ್ದು ಕೂತದ್ದಕ್ಕೆ ಒಂದು. ರೈಟ್ ಇಲ್ಲದ ತಾರೀಖುಗಳೂ ಇದ್ದವು. ಮಗುವಿಗಾಗಿ ಬೇಡಿದ ತಾರೀಖುಗಳೇ ಒಂದೇ ಪುಟದಲ್ಲಿ ಹನ್ನೊಂದು. ಮೂರು ವರ್ಷದ ಹಿಂದೆ, ಎಡಗಾಲು ಎಳೆಯಲು ಶುರುವಾದ ವಾರ, ಇನ್ನೊಂದು ತಾರೀಖು ಸೇರಿತು.

ಕಾಯಿಲೆ ಹೆಚ್ಚಾದಂತೆಲ್ಲ ಟೀಚರಮ್ಮ ಮಾಡುತ್ತಿದ್ದದ್ದು ಒಂದೇ ಕೆಲಸ. ಬೈಬಲ್ ತೆರೆದು ಅಂಚು ನೋಡುವುದು. ಇಂಥ ದಿನ ಕೇಳಿದೆ, ದೇವರು ಕೊಟ್ಟ. ಕೊಡದೆ ಇದ್ದದ್ದೂ ಇಲ್ಲಿದೆ, ಆದರೂ ನನ್ನನ್ನು ಬಿಟ್ಟುಹೋಗಲಿಲ್ಲ. ಆಕೆಯ ನಂಬಿಕೆಗೆ ಇದ್ದ ಸಾಕ್ಷಿ ಆ ಪೆನ್ಸಿಲ್ ಗುರುತುಗಳು.

ಕಳೆದ ವರ್ಷ ಉಸಿರಾಟದ ತೊಂದರೆಯಿಂದ ಅವರು ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿಗೆ ಅವರು ಒಯ್ದದ್ದು ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಚಿಕ್ಕ ಪ್ರತಿ ಮಾತ್ರ. ಹಳೆಯ ಬೈಬಲ್ ಮನೆಯಲ್ಲಿತ್ತು, ಬೆನ್ನು ಬಿಟ್ಟು, ಅಂಚು ಚಿಂದಿಯಾಗಿ. ಊರಿನವರ ಬೈಬಲ್ಲನ್ನೆಲ್ಲ ರಿಪೇರಿ ಮಾಡುವವನ ಮನೆಯ ಬೈಬಲ್ಲಿನ ಗತಿ ನೋಡಿ ಎಂದು ತಂಗಿ ಹಂಗಿಸುತ್ತಲೇ ಇದ್ದರು. ಹೆಂಡತಿ ಬರುವಷ್ಟರಲ್ಲಿ ಹೊಸದರ ಹಾಗೆ ಮಾಡಿಡೋಣ ಎಂದು ಅಂಟಜ್ಜನಿಗೆ ಅನ್ನಿಸಿತು. ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದು ಬಂದ ಒಂದು ಬೆಳಿಗ್ಗೆ, ಕಣ್ಣು ಮುಚ್ಚಿಹೋಗುವಷ್ಟು ಆಯಾಸದಲ್ಲಿ, ಹೊಲಿದು ಒತ್ತಿಟ್ಟಿದ್ದ ಆ ಪುಸ್ತಕವನ್ನು ಯಂತ್ರಕ್ಕೆ ಕೊಟ್ಟರು. ಅಂಚು ತೀರಾ ಹಾಳಾಗಿತ್ತೆಂದು ಕೂದಲೆಳೆಯಷ್ಟಲ್ಲ, ಅರ್ಧ ಬೆರಳಗಲ ತೆಗೆದರು.

"ತಾರೀಖು ಬರೀತಾಳೆ ಅಂತ ಗೊತ್ತಿತ್ತು. ಅಷ್ಟು ತುದೀಲಿ ಬರೀತಾಳೆ ಅಂತ ಲಕ್ಷ್ಯ ಇರಲಿಲ್ಲ," ಎನ್ನುತ್ತಾರೆ. "ಬೇರೆಯವರದ್ದಾಗಿದ್ರೆ ಪುಟ ತಿರುವಿ ನೋಡ್ತಿದ್ದೆ. ಮನೇದು ಅಲ್ವಾ ಅಂತ ನೋಡಲಿಲ್ಲ. ಚೂರುಗಳನ್ನ ಅವತ್ತೇ ರದ್ದಿಯವನು ತಗೊಂಡು ಹೋದ. ಮೂಟೇಲಿ ಎಷ್ಟು ಜನರ ಚೂರಿತ್ತೋ. ಅದರೊಳಗೆ ನಲವತ್ತು ವರ್ಷದ ಅವಳ ಪ್ರಾರ್ಥನೇನೂ ಹೋಯ್ತು."

ಮನೆಗೆ ಬಂದ ಟೀಚರಮ್ಮ ಆಗಿನ್ನೂ ಕೈ ಆಡಿಸಬಲ್ಲವರಾಗಿದ್ದರು. ಹೊಸ ಕಪ್ಪು ರಟ್ಟನ್ನು ಸವರಿದರು. ಪುಟ ತಿರುವಿದರು. ಮತ್ತೆ ತಿರುವಿದರು. ಎಲ್ಲೋ ಒಂದೆರಡು ಕಡೆ ಅರ್ಧ ಅಂಕಿ ಉಳಿದಿತ್ತು, ಅಷ್ಟೇ. ಗಂಡನ ಮುಖ ನೋಡಿ, "ಚೆನ್ನಾಗಿ ಕಟ್ಟಿದ್ದೀರಿ," ಎಂದರಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅಂಟಜ್ಜ ಈಗಲೂ ಹಲುಬುತ್ತಾರೆ.

ಆಗಲೂ ಒಂದು ಉಳಿದಿತ್ತು. ದಿನಾ ಬೆಳಿಗ್ಗೆ ಆರಕ್ಕೆ ಗಂಡ ವಾಕ್ಯ ಓದಿದಾಗ ಹೆಂಡತಿ 'ಆಮೆನ್' ಎನ್ನುವುದು. ಮದುವೆಯ ಮರುದಿನದಿಂದ ನಡೆದುಬಂದದ್ದು ಅದು. ಅಂಚು ಹೋದ ಮೇಲೂ ನಿಲ್ಲಲಿಲ್ಲ. ನಿಂತದ್ದು ಬೇರೆ ಕಾರಣಕ್ಕೆ.

ಕೈ ಪೂರ್ತಿ ಸೋತು ಟೀಚರಮ್ಮ ಮಂಚ ಹಿಡಿದಾಗ, ಅಂಟಜ್ಜ ಒಂದು ಯೋಚನೆ ಮಾಡಿದರು. ನೆನಪಿದ್ದಷ್ಟು ತಾರೀಖುಗಳನ್ನು ತಾವೇ ಮತ್ತೆ ಬರೆಯುವುದು. ಕಾಮಾಲೆಯದು ನೆನಪಿತ್ತು, ಮಾವನ ಕುಡಿತದ್ದೂ ನೆನಪಿತ್ತು. ಹತ್ತು ಹನ್ನೆರಡು ಆದ ಮೇಲೆ ಏನೂ ನೆನಪಾಗಲಿಲ್ಲ. ಪುಟಗಳೆಲ್ಲ ಬರಿದು ಬರಿದಾಗಿ ಕಂಡವು. ಆಗ ಇಲ್ಲದ್ದನ್ನು ಕಟ್ಟಿ ಬರೆಯಲು ಶುರು ಮಾಡಿದರು. ಇಂಥ ವಾಕ್ಯ, ಇಂಥ ತಾರೀಖು, ಮುಂದೊಂದು ರೈಟ್. ದಿನಾ ಬೆಳಿಗ್ಗೆ ಓದುವಾಗ, "ನೋಡು, ಇದಕ್ಕೂ ನೀನು ರೈಟ್ ಹಾಕಿದ್ದೆ," ಎಂದು ತೋರಿಸುತ್ತಿದ್ದರು. ಹೆಂಡತಿ ಆಮೆನ್ ಎನ್ನುತ್ತಿದ್ದರು. ಒಂದು ದಿನ ಕುರುಡರಿಗೆ ದೃಷ್ಟಿ ಕೊಡುವ ವಾಕ್ಯ ಬಂತು. ಅದರ ಪಕ್ಕದಲ್ಲೂ ರೈಟ್ ಇತ್ತು. ತನ್ನ ತಾಯಿಯ ಕಣ್ಣಿಗಾಗಿ ಹೆಂಡತಿ ಬೇಡುತ್ತಿದ್ದದ್ದು ಅಂಟಜ್ಜನಿಗೆ ನೆನಪಿತ್ತು, ಆ ಕಣ್ಣು ಏನಾಯಿತು ಎಂಬುದು ಮರೆತಿತ್ತು.

ಟೀಚರಮ್ಮ ಆ ದಿನವನ್ನು ನನಗೆ ತಾವೇ ಹೇಳಿದರು, ನಿನ್ನೆ, ನಡುನಡುವೆ ಉಸಿರೆಳೆದುಕೊಳ್ಳುತ್ತ. "ನಮ್ಮಮ್ಮ ಕುರುಡಿಯಾಗೇ ಹೋದ್ಲು ಕಣಮ್ಮ. ಸಾಯೋ ದಿನ ನನ್ನ ಮುಖ ಸವರಿ ನೋಡಿ ಹೋದ್ಲು. ಅದನ್ನ ನಾನು ಮರೀತೀನಾ?"

ಪಕ್ಕದಲ್ಲೇ ನಿಂತಿದ್ದ ಅಂಟಜ್ಜ ತಲೆ ತಗ್ಗಿಸಿದರು. ಅವರೆದುರಿಗೇ ಆಕೆ ಮುಂದುವರಿಸಿದರು. "ಇವರ ಮೇಲೆ ಸಿಟ್ಟಿಲ್ಲ. ಪ್ರೀತಿಗೇ ಮಾಡಿದ್ದು. ಅದೇ ಕಷ್ಟ. ಈಗ ಮಲಗಿದಲ್ಲೇ ಯೋಚನೆ ಬರುತ್ತೆ. ನಾನು ಹಾಕಿದ್ದ ರೈಟುಗಳೂ ಹಿಂಗೇ ಏನೋ. ದೇವರ ಮೇಲಿನ ಪ್ರೀತಿಗೆ ನಾನೇ ಹಾಕ್ಕೊಂಡು ಬಂದಿದ್ದೆನೇನೋ. ಅಪ್ಪ ಕುಡಿತ ಬಿಟ್ಟಿದ್ದು ಹೊಟ್ಟೆ ಹುಣ್ಣಾಯ್ತು ಅಂತ. ನಾನು ದೇವರ ಹೆಸರಿಗೆ ಬರೆದೆ. ನೋಡೋಣ ಅಂದ್ರೆ ಪುಸ್ತಕದಲ್ಲಿ ಏನೂ ಇಲ್ಲ."

ಅವತ್ತಿನಿಂದ ಆಮೆನ್ ಇಲ್ಲ. ಗಂಡ ಓದುತ್ತಾರೆ, ಹೆಂಡತಿ ಕಣ್ಣು ತೆರೆದುಕೊಂಡೇ ಕೇಳುತ್ತಾರೆ. ಓದು ಮುಗಿದ ಮೇಲೆ ಕೋಣೆಯಲ್ಲಿ ಗಡಿಯಾರದ ಸದ್ದು. ಇಂಥ ಮೌನದಲ್ಲಿ ಎರಡು ಬೆಳಗು ನಾನೂ ಕೂತಿದ್ದೇನೆ. ಎದ್ದು ಓಡಿಹೋಗೋಣ ಅನ್ನಿಸಿತ್ತು.

ಸಭೆಯವರು ಬರುತ್ತಾರೆ, ಸುತ್ತ ನಿಂತು ಪ್ರಾರ್ಥಿಸುತ್ತಾರೆ. ನಂಬಿಕೆ ಸಾಸಿವೆ ಕಾಳಿನಷ್ಟಿದ್ದರೂ ಸಾಕು ಎಂದು ಒಬ್ಬರು ಹೇಳಿ ಹೋದರಂತೆ. "ಸಾಸಿವೆ ಅಳೆದು ನೋಡೋರು ಯಾರು ಮೇಡಂ?" ಎಂದು ಅಂಟಜ್ಜ ಕೇಳುತ್ತಾರೆ. ನಿಮ್ಮ ನಂಬಿಕೆ ಹೇಗಿದೆ ಎಂದು ಮೊದಲ ದಿನವೇ ನಾನು ಪತ್ರಿಕೆಯವರ ದಡ್ಡ ಪ್ರಶ್ನೆ ಕೇಳಿದ್ದೆ. "ದಿನಾ ಬೆಳಿಗ್ಗೆ ಮೊಣಕಾಲೂರ್ತೀನಿ. ಅದನ್ನ ಬಿಟ್ಟಿಲ್ಲ. ಆ ಕಡೆಯಿಂದ ಏನಾದ್ರೂ ಕೇಳಿಸುತ್ತಾ ಅಂತ ಕಿವಿ ಕೊಡೋದನ್ನ ಬಿಟ್ಟಿದ್ದೀನಿ," ಎಂದಿದ್ದರು.

ಸುಳ್ಳು ರೈಟ್ ಸಿಕ್ಕಿಬಿದ್ದ ಮರುದಿನ ಅವರು ತಾವು ಬರೆದದ್ದನ್ನೆಲ್ಲ ರಬ್ಬರಿನಿಂದ ಅಳಿಸಿದರು, ನಿಜವಾದವುಗಳನ್ನೂ ಸೇರಿಸಿ. ಸಮಾಧಾನದ ವಾಕ್ಯಗಳನ್ನೇ ಆರಿಸಿ ಓದುವುದನ್ನೂ ಬಿಟ್ಟರು. ಬೈಬಲ್ಲಿನಲ್ಲೇ ಇರುವ ನೂರೈವತ್ತು ಕೀರ್ತನೆಗಳ ಪುಸ್ತಕವನ್ನು ಮೊದಲಿನಿಂದ ಹಿಡಿದರು. ದಿನಕ್ಕೊಂದು, ಯಾವುದನ್ನೂ ಹಾರಿಸದೆ. ನಾನು ಮೊದಲ ಸಲ ಬಂದಾಗ ಎಂಬತ್ತಾರನೆಯದು ನಡೆದಿತ್ತು. ನಿನ್ನೆ ಎಂಬತ್ತೇಳು.

ಇವತ್ತಿನದೇ ಸಮಸ್ಯೆ. ಎಂಬತ್ತೆಂಟನೆಯ ಕೀರ್ತನೆ ಯಾವುದೆಂದು ನನಗೆ ಗೊತ್ತಿರಲಿಲ್ಲ. ಅಂಟಜ್ಜನಿಗೆ ಗೊತ್ತು. ಮೊನ್ನೆಯಿಂದಲೇ ಅವರ ಮುಖ ಸಪ್ಪಗಿತ್ತು. ಉಳಿದ ಗೋಳಿನ ಕೀರ್ತನೆಗಳು ಎಷ್ಟೇ ಅತ್ತರೂ ಎಲ್ಲೋ ಒಂದು ಕಡೆ, ಹೆಚ್ಚಾಗಿ ಕೊನೆಯಲ್ಲಿ, ಒಂದು ಭರವಸೆಗೆ ಬಂದು ಮುಟ್ಟುತ್ತವಂತೆ. ಇದು ಮುಟ್ಟುವುದಿಲ್ಲ. ಕಾಯಿಲೆಯಲ್ಲಿ ಸಾವಿನ ಹತ್ತಿರ ಬಂದವನೊಬ್ಬ ಹಗಲಿರುಳು ದೇವರನ್ನು ಕೂಗುತ್ತಾನೆ. ದೇವರು ಮುಖ ಮರೆಮಾಡಿಕೊಂಡಿದ್ದಾನೆ. ಬೇಕಾದವರೆಲ್ಲ ದೂರವಾಗಿದ್ದಾರೆ. ಕೊನೆಗೆ ಕತ್ತಲೆಯಲ್ಲೇ ನಿಂತುಹೋಗುತ್ತದೆ, ಅಷ್ಟೇ.

"ನಾನು ನೋಡಿರೋ ಬೈಬಲ್‌ಗಳಲ್ಲಿ, ದೇವರು ನನ್ನ ಕುರುಬ ಅನ್ನೋ ಇಪ್ಪತ್ತಮೂರನೇ ಕೀರ್ತನೆ ಪುಟ ಬೆರಳು ತಾಗಿ ತಾಗಿ ಕಂದಾಗಿರುತ್ತೆ," ಎನ್ನುತ್ತಾರೆ ಅವರು. "ಇದರ ಪುಟ ಮಾತ್ರ ಹೊಸದರ ಹಾಗೇ ಇರುತ್ತೆ. ಯಾರೂ ನಿಲ್ಲಲ್ಲ ಇಲ್ಲಿ. ನಾವೂ ನಿಂತಿಲ್ಲ, ಇಷ್ಟು ವರ್ಷದಲ್ಲಿ."

ನಿನ್ನೆ ಸಂಜೆ ಅವರು ಸಭಾಪಾಲಕರನ್ನು ಕೇಳಿಬಂದಿದ್ದಾರೆ. ಸಭಾಪಾಲಕರು ಒಳ್ಳೆಯವರು. "ಆ ತಾಯಿಗೆ ಈ ಸ್ಥಿತಿಯಲ್ಲಿ ಅದು ಯಾಕೆ? ಒಂದು ದಿನ ಹಾರಿಸಿದರೆ ದೇವರೇನೂ ತಪ್ಪು ತಿಳಿಯೋದಿಲ್ಲ, ದೇವರು ಕಾಪಾಡ್ತಾನೆ ಅನ್ನೋ ತೊಂಬತ್ತೊಂದನ್ನ ಓದಿ," ಎಂದಿದ್ದಾರೆ. ಹಾರಿಸಿದರೆ ಟೀಚರಮ್ಮನಿಗೆ ತಿಳಿಯದೆ ಇರುವುದಿಲ್ಲ, ಆಕೆ ಎಣಿಸುತ್ತಿದ್ದಾರೆ. ಓದಿದರೆ ಉಳಿದ ಒಂದೆಳೆಯೂ ಕಡಿದುಹೋದೀತು. ಆರಕ್ಕೆ ಇನ್ನು ಐದು ನಿಮಿಷ ಇರುವಾಗ ಅಂಟಜ್ಜ ನನ್ನನ್ನು ಕೇಳುತ್ತಾರೆ, "ನೀವಾಗಿದ್ರೆ ಏನು ಮಾಡ್ತಿದ್ರಿ ಮೇಡಂ?" ನಾನು ಸಭೆಗೆ ಹೋಗುವವಳಲ್ಲ, ಮೊಣಕಾಲೂರಿದವಳಲ್ಲ. ನನಗೆ ಗೊತ್ತಿಲ್ಲ ಎನ್ನುತ್ತೇನೆ. ಅದು ನಿಜ.

ಅವರು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಾರೆ. ಕನ್ನಡಕ ಒರೆಸಿಕೊಳ್ಳುತ್ತಾರೆ. ಪುಟ ತೆಗೆದು, ಒಂದು ಕ್ಷಣ ಮುಂದಿನ ಹಾಳೆಯ ಮೂಲೆಗೆ ಬೆರಳು ಹಾಕುತ್ತಾರೆ. ಆಮೇಲೆ ಬೆರಳು ತೆಗೆಯುತ್ತಾರೆ.

"ಎಂಬತ್ತೆಂಟು," ಎನ್ನುತ್ತಾರೆ, ಮತ್ತೆ ಓದುತ್ತಾರೆ. ಹದಿನೆಂಟು ವಚನ. ಎಲ್ಲೂ ದನಿ ಏರಿಸುವುದಿಲ್ಲ, ಮೆತ್ತಗೂ ಮಾಡುವುದಿಲ್ಲ. ಕತ್ತಲೆಯ ಮಾತು ಬರುತ್ತದೆ. ಮುಗಿಯುತ್ತದೆ. ಅವರು ಪುಸ್ತಕ ಮುಚ್ಚುವುದಿಲ್ಲ, ಹೆಂಡತಿಯ ಕಡೆ ನೋಡುವುದೂ ಇಲ್ಲ.

ಆಮೆನ್ ಬರುವುದಿಲ್ಲ. ಟೀಚರಮ್ಮನ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿದೆ, ಒರೆಸಿಕೊಳ್ಳಲು ಕೈಯಿಲ್ಲ. ಅಂಟಜ್ಜ ತಮ್ಮ ಅಂಗೈಯಿಂದ ಒರೆಸುತ್ತಾರೆ. "ತಪ್ಪಾಯ್ತು ಕಣೇ, ಓದಬಾರದಿತ್ತು," ಎನ್ನುತ್ತಾರೆ.

"ರೀ," ಎನ್ನುತ್ತಾರೆ ಟೀಚರಮ್ಮ. ಉಸಿರು ಎಳೆದುಕೊಳ್ಳುತ್ತಾರೆ. "ಇದನ್ನೂ ಬೈಬಲ್ಲಲ್ಲೇ ಬರೆದಿದ್ದಾರಾ?"

"ಹೌದು. ಅದರಲ್ಲೇ ಇದೆ."

"ನೀವು ಸೇರಿಸಿದ್ದಲ್ಲ ತಾನೆ?"

"ಇಲ್ಲ. ನಿನ್ನಾಣೆ."

ಆಕೆ ಕಣ್ಣನ್ನು ಪುಸ್ತಕದ ಕಡೆ ಹೊರಳಿಸುತ್ತಾರೆ. "ಇನ್ನೊಂದ್ಸಲ ಓದಿ."

ಅವರು ಮತ್ತೆ ಮೊದಲಿನಿಂದ ಓದುತ್ತಾರೆ. ನಾನು ಎದ್ದು ಪರದೆಯ ಈಚೆಗೆ ಬಂದುಬಿಡುತ್ತೇನೆ. ಅದು ಅವರಿಬ್ಬರದೇ ಅನ್ನಿಸಿತು.

ಹೊರಡುವಾಗ ಅಂಟಜ್ಜ ಬಾಗಿಲವರೆಗೆ ಬರುತ್ತಾರೆ. ಬೀದಿಯಲ್ಲಿ ಬೆಳಕಾಗಿದೆ, ಹೆಂಗಸೊಬ್ಬರು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಹಿಡಿದು ಆಚೆ ಕಾಯುತ್ತಿದ್ದಾರೆ. ನಿಮ್ಮ ಆಸೆ ಏನು ಎಂಬ ನಮ್ಮ ಕಸುಬಿನ ಕೊನೆಯ ಪ್ರಶ್ನೆ ನನ್ನ ನಾಲಿಗೆ ತುದಿಯಲ್ಲಿದೆ, ಕೇಳಲು ನಾಚಿಕೆಯಾಗುತ್ತದೆ. ಅವರೇ ಹೇಳುತ್ತಾರೆ.

"ಅವಳು ಉಳೀಲಿ ಅಂತ ನಾನು ಕೇಳ್ತಿಲ್ಲ ಮೇಡಂ, ಅದನ್ನ ಬಿಟ್ಟಾಯ್ತು. ಆಮೆನ್ ಕೂಡ ಬೇಡ. ಇನ್ನೊಂದ್ಸಲ ಓದಿ ಅಂದ್ಲಲ್ಲ, ಕೇಳಿಸ್ತಲ್ಲ ನಿಮಗೆ? ನಾಳೇನೂ ಅಷ್ಟು ಅಂದ್ರೆ ಸಾಕು."